ಬಿಳಿಯೆಲ್ಲ ಒಂದೇ ಬೆಳ್ಳಕ್ಕಿಯಲ್ಲ: ಕೆರೆಯಲ್ಲಿ ಗುರುತಿಸುವುದು ಹೇಗೆ?

ಪ್ರತಿ ಜನವರಿಯಲ್ಲಿ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಹೆಸರಿನಲ್ಲಿ ಕೆರೆ, ಜಲಾಶಯ, ಅಳಿವೆಗಳಲ್ಲಿ ಹಕ್ಕಿಗಳ ಎಣಿಕೆ ನಡೆಯುತ್ತದೆ. 1987ರಿಂದ ನಡೆದುಬಂದಿರುವ ಈ ಎಣಿಕೆಗೆ ಕೈಹಚ್ಚುವವರಲ್ಲಿ ಹೆಚ್ಚಿನವರು ಸಂಬಳದ ತಜ್ಞರಲ್ಲ. ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು, ಕೆರೆ ಉಳಿಸಲು ಓಡಾಡುವ ಊರಿನವರು. ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸಾರ್ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿದವು. ಹಾಗಾಗಿ ಬೈನಾಕ್ಯುಲರ್ ಹಿಡಿದು ಮೊದಲ ಸಲ ಕೆರೆ ಏರಿ ಹತ್ತುವವರು ಈಗ ಹೆಚ್ಚು.

ಹೊಸಬರು ಎಡವುವುದು ಅಪರೂಪದ ಹಕ್ಕಿಯ ಬಳಿಯಲ್ಲ, ದಿನಾ ಕಾಣುವ ಬೆಳ್ಳಕ್ಕಿಯ ಬಳಿ. ಎಣಿಕೆಯ ನಮೂನೆಯಲ್ಲಿ ಬೆಳ್ಳಕ್ಕಿ ಎಂಬ ಒಂದೇ ಸಾಲು ಇರುವುದಿಲ್ಲ, ನಾಲ್ಕು ಇರುತ್ತವೆ: ಗೋವಕ್ಕಿ, ಸಣ್ಣ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ. ಪಕ್ಷಿವೀಕ್ಷಕರ ಬಾಯಲ್ಲಿ ಇವೇ ಕ್ಯಾಟಲ್, ಲಿಟಲ್, ಇಂಟರ್‌ಮೀಡಿಯೆಟ್ ಮತ್ತು ಗ್ರೇಟ್ ಈಗ್ರೆಟ್. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಈಸ್ಟರ್ನ್ ಕ್ಯಾಟಲ್ ಈಗ್ರೆಟ್, ಮೀಡಿಯಂ ಈಗ್ರೆಟ್ ಎಂದು ಕಂಡರೆ ಗಾಬರಿ ಬೇಡ. ವರ್ಗೀಕರಣ ಬದಲಾಗಿ ಹೆಸರು ಬದಲಾಗಿದೆಯಷ್ಟೆ, ನಮ್ಮ ಕೆರೆಯ ಹಕ್ಕಿ ಅದೇ.

ಬೇರೆ ಬೇರೆ ಎಣಿಸುವುದೇಕೆ?

ನಾಲ್ಕೂ ಬಿಳಿಯೇ ಆದರೂ ಹೊಟ್ಟೆಪಾಡು ಬೇರೆ. ಗೋವಕ್ಕಿಗೆ ನೀರೇ ಬೇಕೆಂದಿಲ್ಲ. ದನ ಮೇಯುವಾಗ, ಗದ್ದೆ ಉಳುವಾಗ ಎದ್ದ ಮಿಡತೆ, ಹುಳುಗಳೇ ಅದರ ಮುಖ್ಯ ಆಹಾರ. ಕಸದ ರಾಶಿಯ ಮೇಲೂ ಗುಂಪುಗೂಡುತ್ತದೆ. ಸಣ್ಣ ಬೆಳ್ಳಕ್ಕಿ ಮೊಣಕಾಲುದ್ದವೂ ಇಲ್ಲದ ತೆಳು ನೀರಿನಲ್ಲಿ ಮರಿಮೀನಿನ ಹಿಂದೆ ಓಡಾಡುತ್ತದೆ. ಮಧ್ಯಮ ಬೆಳ್ಳಕ್ಕಿಗೆ ಹುಲ್ಲು, ಜೊಂಡು ಬೆಳೆದ ಕೆರೆಯಂಚು, ಭತ್ತದ ಗದ್ದೆ ಇಷ್ಟ. ದೊಡ್ಡದು ಉದ್ದ ಕಾಲಿನ ಬಲದಿಂದ ಇನ್ನಷ್ಟು ಆಳಕ್ಕಿಳಿದು ದೊಡ್ಡ ಮೀನು ಹಿಡಿಯುತ್ತದೆ. ಕೆರೆಯ ಮೀನು ಕಡಿಮೆಯಾಗಿ ದಡಕ್ಕೆ ಕಸ ಬಿದ್ದರೆ ಉಳಿದ ಮೂರು ಬಗೆಯ ಬೆಳ್ಳಕ್ಕಿಗಳ ಸಂಖ್ಯೆ ಇಳಿದು ಗೋವಕ್ಕಿಯದು ಏರಬಹುದು. ನಾಲ್ಕನ್ನೂ ಕೂಡಿಸಿ ಬರೆದರೆ ಮೊತ್ತ ಹಾಗೇ ಉಳಿದು, ಆದ ಬದಲಾವಣೆ ಕಾಣದೇ ಹೋಗುತ್ತದೆ.

ಏನು ಬದಲಾಗುತ್ತದೆ, ಏನು ಬದಲಾಗದು

ಚಿತ್ರಪುಸ್ತಕ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಕೊಕ್ಕಿನ ಬಣ್ಣ. ಅದನ್ನೇ ಬಾಯಿಪಾಠ ಮಾಡಿಕೊಂಡು ಕೆರೆಗೆ ಬಂದರೆ ಅರ್ಧ ವರ್ಷ ತಪ್ಪು ಬರೆಯಬೇಕಾಗುತ್ತದೆ. ಕಾರಣ ಹಕ್ಕಿಯ ಮೈಯಲ್ಲೇ ಇದೆ.

ಗರಿ ಪೂರ್ತಿ ಬೆಳೆದ ಮೇಲೆ ಜೀವವಿಲ್ಲದ ವಸ್ತು. ನಮ್ಮ ಉಗುರು, ಕೂದಲಿನ ಜಾತಿಗೇ ಸೇರಿದ ಕೆರಾಟಿನ್. ಸವೆಯಬಹುದು, ಕೊಳೆ ಹಿಡಿಯಬಹುದು. ಒಳಗಿಂದ ಬಣ್ಣ ಬದಲಿಸಿಕೊಳ್ಳಲಾರದು. ಹೊಸ ಬಣ್ಣ ಬೇಕಾದರೆ ಹಳೆಯದು ಉದುರಿ ಹೊಸದು ಹುಟ್ಟಬೇಕು. ಈ ಗರಿಬದಲಾವಣೆಗೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಬೆಳ್ಳಕ್ಕಿಗಳು ಸಂತಾನಕಾಲಕ್ಕೆ ಮುಂಚೆ ಕೆಲವು ಅಲಂಕಾರದ ಗರಿಗಳನ್ನು ಬೆಳೆಸಿಕೊಳ್ಳುತ್ತವೆ, ಮುಗಿದ ಮೇಲೆ ಮೈಯೆಲ್ಲದರ ಗರಿ ಬದಲಿಸುತ್ತವೆ.

ಕೊಕ್ಕಿನ ಹೊದಿಕೆ, ಕಾಲು, ಕಣ್ಣು ಮತ್ತು ಕೊಕ್ಕಿನ ನಡುವಿನ ಬರಿ ಚರ್ಮ ಹಾಗಲ್ಲ. ಅವಕ್ಕೆ ರಕ್ತ, ಹಾರ್ಮೋನು ತಲುಪುತ್ತವೆ. ಜೋಡಿ ಹುಡುಕುವ ಹೊತ್ತಿನಲ್ಲಿ ಈ ಚರ್ಮದ ಬಣ್ಣ ಕೆಲವೇ ದಿನಗಳಲ್ಲಿ ತಿರುಗಿ, ಮೊಟ್ಟೆ ಇಟ್ಟ ಮೇಲೆ ಮತ್ತೆ ಮಾಸುತ್ತದೆ. ಇನ್ನು ಮೂಳೆಯ ಅಳತೆ, ಅಂದರೆ ಕೊಕ್ಕಿನ ಉದ್ದ, ಕತ್ತಿನ ಉದ್ದ, ಬಾಯಿ ಸೀಳಿರುವ ಜಾಗ, ಬೆಳೆದ ಹಕ್ಕಿಯಲ್ಲಿ ಜನ್ಮವಿಡೀ ಒಂದೇ.

ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಮೈಕಟ್ಟು, ಆಮೇಲೆ ಗರಿ, ಬಣ್ಣ ಕೊನೆಗೆ. ಚಿತ್ರಪುಸ್ತಕ ಕಲಿಸುವುದಕ್ಕೆ ಇದು ಹೆಚ್ಚುಕಡಿಮೆ ತಲೆಕೆಳಗು.

ಮೈಕಟ್ಟು: ಬಾಯಿಯ ಸೀಳಿನಿಂದ ಶುರುಮಾಡಿ

ಅತಿ ಹೆಚ್ಚು ಗೊಂದಲ ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿಯ ನಡುವೆ. ಎರಡಕ್ಕೂ ಕಪ್ಪು ಕಾಲು, ಕಪ್ಪು ಪಾದ, ವರ್ಷದ ಬಹುಕಾಲ ಹಳದಿ ಕೊಕ್ಕು. ದೊಡ್ಡದು ಸುಮಾರು 85ರಿಂದ 100 ಸೆಂ.ಮೀ., ಮಧ್ಯಮದ್ದು 65ರಿಂದ 72 ಸೆಂ.ಮೀ. ಪಕ್ಕಪಕ್ಕ ನಿಂತರೆ ಸಂದೇಹವೇ ಇಲ್ಲ; ಒಂಟಿಯಾಗಿ ನಿಂತಾಗ ಗಾತ್ರ ಯಾರಿಗೂ ತಿಳಿಯದು.

ಆಗ ನೋಡಬೇಕಾದ್ದು ಬಾಯಿಯ ಸೀಳು. ಮೇಲ್ಕೊಕ್ಕು ಕೆಳಕೊಕ್ಕು ಕೂಡುವ ಗೆರೆ ಮುಖದೊಳಕ್ಕೆ ಮುಂದುವರಿದು ಒಂದು ಕಡೆ ನಿಲ್ಲುತ್ತದೆ. ಮಧ್ಯಮ ಬೆಳ್ಳಕ್ಕಿಯಲ್ಲಿ ಅದು ಕಣ್ಣಿನ ಕೆಳಗೇ ಮುಗಿಯುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿ ಚೂಪಾಗಿ ಕೊನೆಗೊಳ್ಳುತ್ತದೆ. ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಾಗಲೇ ಇದನ್ನು ನೋಡಬೇಕು. ಮುಕ್ಕಾಲು ಮುಖ ನಮ್ಮತ್ತ ಇದ್ದರೆ ಗೆರೆ ಗಿಡ್ಡವಾಗಿ ಕಂಡು, ದೊಡ್ಡದನ್ನು ಮಧ್ಯಮವೆಂದು ಬರೆದುಬಿಡುತ್ತೇವೆ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್ ಇದ್ದರೂ ಕೆರೆಯ ಆಚೆ ದಡದ ಹಕ್ಕಿಯಲ್ಲಿ ಈ ಗೆರೆ ಕಾಣುವುದಿಲ್ಲ. ಅಲ್ಲಿಗೆ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಟ್ಟು ನೋಡುವ ದೂರದರ್ಶಕ) ಬೇಕು, ಇಲ್ಲವೇ ಕತ್ತನ್ನು ನಂಬಬೇಕು.

ದೊಡ್ಡ ಬೆಳ್ಳಕ್ಕಿಯ ಕತ್ತು ಮೈಗಿಂತ ಉದ್ದ. ಮಧ್ಯಕ್ಕಿಂತ ತುಸು ಮೇಲೆ, ನೀರಿನ ಪೈಪನ್ನು ಮಡಚಿದಂತೆ, ಒಂದು ಚೂಪು ಕೊಕ್ಕೆ ಕಾಣುತ್ತದೆ. ಮಧ್ಯಮದ್ದು ನಯವಾದ ಬಾಗು. ಕತ್ತು ಎತ್ತಿದಾಗ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ತಲೆಯೂ ಬೇರೆ. ದೊಡ್ಡದರ ಹಣೆ ಚಪ್ಪಟೆ, ಕೊಕ್ಕು ತಲೆಗಿಂತ ಎದ್ದುಕಾಣುವಷ್ಟು ಉದ್ದ. ಮಧ್ಯಮದ್ದು ದುಂಡುತಲೆ, ಕೊಕ್ಕು ಹೆಚ್ಚುಕಡಿಮೆ ತಲೆಯಷ್ಟೇ. ಕೊಕ್ಕಿನ ತುದಿ ಕಪ್ಪಗಿದ್ದರೆ ಮಧ್ಯಮ ಎನ್ನುವ ಮಾತು ಚಾಲ್ತಿಯಲ್ಲಿದೆ. ಅದು ಅರ್ಧಸತ್ಯ. ಬಣ್ಣ ತಿರುಗುವ ಹೊತ್ತಿನಲ್ಲಿ ದೊಡ್ಡದಕ್ಕೂ ತುದಿ ಕಪ್ಪಿರುತ್ತದೆ.

ಗಾತ್ರಕ್ಕೆ ಪಕ್ಕದ ಹಕ್ಕಿಯೇ ಅಳತೆಗೋಲು. ಬೂದು ಬಕ ಸಮೀಪವಿದ್ದರೆ ದೊಡ್ಡ ಬೆಳ್ಳಕ್ಕಿ ಎತ್ತರದಲ್ಲಿ ಅದಕ್ಕೆ ಸರಿಸಾಟಿ ಅಥವಾ ತುಸು ಕಡಿಮೆ. ಮಧ್ಯಮದ್ದು ಸ್ಪಷ್ಟವಾಗಿ ಗಿಡ್ಡ. ಎಮ್ಮೆಯ ಪಕ್ಕ ಮಾತ್ರ ಅಳೆಯಬೇಡಿ, ಎಲ್ಲ ಬೆಳ್ಳಕ್ಕಿಯೂ ಗೋವಕ್ಕಿಯಂತೆ ಕಾಣುತ್ತದೆ.

ಗೋವಕ್ಕಿ ಸುಮಾರು 50 ಸೆಂ.ಮೀ., ಸಣ್ಣ ಬೆಳ್ಳಕ್ಕಿ 60ರ ಆಸುಪಾಸು. ಇವೆರಡರಲ್ಲಿ ಗೋವಕ್ಕಿ ಗಿಡ್ಡ ಕತ್ತಿನ ದಪ್ಪಗಿನ ಹಕ್ಕಿ. ಗದ್ದದ ಕೆಳಗಿನ ಗರಿಗಳು ಕೊಕ್ಕಿನ ತಳಕ್ಕೆ ಚಾಚಿಕೊಂಡು ಗಲ್ಲ ಉಬ್ಬಿದ ಹಾಗಿರುತ್ತದೆ. ಈ ಗಲ್ಲ ಇನ್ನಾವ ಬೆಳ್ಳಕ್ಕಿಗೂ ಇಲ್ಲ. ಸಣ್ಣ ಬೆಳ್ಳಕ್ಕಿ ಬಳುಕುವ ಕತ್ತಿನದು, ಅದರ ಕೊಕ್ಕು ನೀಳ, ತೆಳು.

ಗರಿ: ಅಲಂಕಾರ ಎಲ್ಲೆಲ್ಲಿ ಇದೆ?

ಬೆಳ್ಳಕ್ಕಿಯ ಬಿಳಿ ಒಂದು ಬಣ್ಣದ್ರವ್ಯವಲ್ಲ. ಗರಿಯಲ್ಲಿ ವರ್ಣದ್ರವ್ಯ ಇಲ್ಲದಿರುವುದರಿಂದ ಬಿದ್ದ ಬೆಳಕೆಲ್ಲ ಚದುರಿ ಬಿಳಿಯಾಗಿ ಕಾಣುತ್ತದೆ. ಹಾಗಾಗಿ ಸಾಧಾರಣ ಕಾಲದಲ್ಲಿ ಗರಿಯ ಬಣ್ಣದಿಂದ ನಾಲ್ಕನ್ನೂ ಬೇರ್ಪಡಿಸುವ ದಾರಿಯಿಲ್ಲ. ಸಂತಾನಕಾಲದಲ್ಲಿ ಮಾತ್ರ ಗರಿ ನಮ್ಮ ನೆರವಿಗೆ ಬರುತ್ತದೆ. ಆಗ ಬೆಳೆಯುವ ಎಳೆಎಳೆ ಗರಿಗಳಲ್ಲಿ, ಮಾಮೂಲಿ ಗರಿಯ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಸೂಕ್ಷ್ಮ ಕೊಕ್ಕೆಗಳು ಇರುವುದಿಲ್ಲ. ಅದಕ್ಕೇ ಅವು ಬಿಡಿಬಿಡಿಯಾಗಿ ಗಾಳಿಗೆ ತೂಗುತ್ತವೆ. (19ನೇ ಶತಮಾನದ ಕೊನೆಯಲ್ಲಿ ಯೂರೋಪಿನ ಹೆಂಗಸರ ಟೋಪಿಗೆ ಇವೇ ಗರಿ ಬೇಕಾಗಿ, ಲೆಕ್ಕವಿಲ್ಲದಷ್ಟು ಬೆಳ್ಳಕ್ಕಿಗಳು ಗೂಡಿನಲ್ಲೇ ಸತ್ತವು. ಭಾರತದಿಂದ ಗರಿ ರಫ್ತನ್ನು 1902ರಲ್ಲಿ ನಿಷೇಧಿಸಲಾಯಿತು.)

ಮೂರು ಜಾಗ ನೋಡಿ: ತಲೆಯ ಹಿಂಬದಿ, ಎದೆ, ಬೆನ್ನು.

ಸಣ್ಣ ಬೆಳ್ಳಕ್ಕಿಗೆ ಮೂರೂ ಕಡೆ ಇದೆ. ನೆತ್ತಿಯ ಹಿಂದಿನಿಂದ ಎರಡು ಉದ್ದನೆಯ, ರಿಬ್ಬನ್ನಿನಂಥ ಗರಿ ಇಳಿಬಿದ್ದಿದ್ದರೆ ಬೇರೆ ಯೋಚನೆ ಬೇಡ. ಒಳನಾಡಿನ ಕೆರೆಯಲ್ಲಿ ಅದು ಸಣ್ಣ ಬೆಳ್ಳಕ್ಕಿಯೇ. ಮಧ್ಯಮಕ್ಕೆ ಎದೆ ಮತ್ತು ಬೆನ್ನಿನಲ್ಲಿ ಮಾತ್ರ, ತಲೆಯಲ್ಲಿ ಇಲ್ಲ. ದೊಡ್ಡದಕ್ಕೆ ಬೆನ್ನಿನಲ್ಲಷ್ಟೇ, ಅಲ್ಲಿಂದ ಹೊರಟ ಎಳೆಗಳು ಬಾಲವನ್ನೂ ದಾಟಿ ಇಳಿಯುತ್ತವೆ, ಎದೆ ನುಣುಪು. ಇವೆರಡರಲ್ಲಿ ಯಾವುದೆಂಬ ಸಂದೇಹವಿದ್ದು ಬೆನ್ನಿನ ಗರಿ ಕಂಡಾಗ ಎದೆಯತ್ತ ಒಮ್ಮೆ ನೋಡಿ: ಕುಚ್ಚು ಇದ್ದರೆ ಮಧ್ಯಮ, ಇಲ್ಲದಿದ್ದರೆ ಬಹುಶಃ ದೊಡ್ಡದು. ಗೋವಕ್ಕಿಯ ತಲೆ, ಕತ್ತು, ಎದೆ, ಬೆನ್ನಿಗೆ ಕಿತ್ತಳೆ ಮಿಶ್ರಿತ ಹಳದಿ ಬಣ್ಣದ ಗರಿ ಬರುತ್ತದೆ. ನಾಲ್ಕರಲ್ಲಿ ಗರಿಯೇ ಬಣ್ಣ ತಾಳುವುದು ಇದೊಂದರಲ್ಲಿ.

ಎಚ್ಚರ ಬೇಕಾದ್ದು ಇಲ್ಲಿ: ಗರಿ ಇದ್ದರೆ ಪುರಾವೆ, ಇಲ್ಲದಿದ್ದರೆ ಪುರಾವೆಯಲ್ಲ. ತಲೆಗರಿ ಇಲ್ಲದ ಸಣ್ಣ ಬೆಳ್ಳಕ್ಕಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಸಂತಾನಕಾಲ ಮುಗಿದಿರಬಹುದು, ಹಕ್ಕಿ ಎಳೆಯದಿರಬಹುದು, ಗರಿ ಮುರಿದಿರಬಹುದು. ಉತ್ತರ ಭಾರತದಲ್ಲಿ ಗೂಡುಕಟ್ಟುವ ಕಾಲ ಮುಖ್ಯವಾಗಿ ಮುಂಗಾರು. ದಕ್ಷಿಣದಲ್ಲಿ ಮಳೆ ಬಿದ್ದು ಕೆರೆ ತುಂಬಿದ ಸಮಯ ನೋಡಿಕೊಂಡು ಅದು ಹಿಂದೆಮುಂದೆ ಆಗುತ್ತದೆ. ಜನವರಿಯ ಎಣಿಕೆಯಲ್ಲೂ ಒಂದೇ ಕೆರೆಯಲ್ಲಿ ಅಲಂಕಾರ ತೊಟ್ಟದ್ದು, ತೊಡದ್ದು ಎರಡೂ ಸಿಗುವುದು ಇದಕ್ಕೇ.

ಕೊಕ್ಕಿನ ಬಣ್ಣ ಮೋಸ ಮಾಡುವುದೆಲ್ಲಿ

"ಹಳದಿ ಕೊಕ್ಕಾದರೆ ಗೋವಕ್ಕಿ, ಮಧ್ಯಮ ಅಥವಾ ದೊಡ್ಡದು, ಕಪ್ಪಾದರೆ ಸಣ್ಣದು" ಎಂಬ ಸೂತ್ರ ಬಹಳ ಜನಪ್ರಿಯ. ಸಂತಾನಕಾಲ ಬಂದಾಗ ನಮ್ಮ ದೊಡ್ಡ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ ಎರಡರ ಕೊಕ್ಕೂ ಕಪ್ಪಾಗುತ್ತದೆ. ಸೂತ್ರ ಅಲ್ಲಿಗೆ ಮುರಿಯಿತು. ದೊಡ್ಡದರ ಕಣ್ಣಿನ ಮುಂದಿನ ಚರ್ಮ ಆಗ ನೀಲಿಹಸಿರಿಗೆ ತಿರುಗಿ, ಕಾಲಿನ ಮೇಲ್ಭಾಗ ಕೆಂಪಡರುತ್ತದೆ. ಬಣ್ಣ ಒಮ್ಮೆಗೇ ತಿರುಗದೆ, ಅರ್ಧ ಹಳದಿ ಅರ್ಧ ಕಪ್ಪಿನ ಕೊಕ್ಕೂ ಕಾಣಸಿಗುತ್ತದೆ.

ಎರಡನೆಯ ಮೋಸ ಗೋವಕ್ಕಿಯ ಮರಿಯದು. ಗೂಡಿನಿಂದ ಆಗಷ್ಟೇ ಹೊರಬಿದ್ದ ಮರಿಯ ಕೊಕ್ಕು ಕಪ್ಪು. ಹಳದಿಯಾಗಲು ಸಮಯ ಹಿಡಿಯುತ್ತದೆ. ಗೂಡುಮರದ ಸುತ್ತ ಕಪ್ಪು ಕೊಕ್ಕಿನ ಗಿಡ್ಡ ಬಿಳಿ ಹಕ್ಕಿ ಕಂಡರೆ ಸಣ್ಣ ಬೆಳ್ಳಕ್ಕಿ ಎನ್ನುವ ಮುನ್ನ ಗಲ್ಲ ಉಬ್ಬಿದೆಯೇ, ಪಾದ ಯಾವ ಬಣ್ಣ ಎಂದು ನೋಡಿ. ಅತ್ತ ಸಣ್ಣ ಬೆಳ್ಳಕ್ಕಿಯ ಮರಿಗೆ ಕೊಕ್ಕು ಮಸುಕು, ಕಾಲು ಹಸಿರು ಬೆರೆತದ್ದು, ಪಾದದ ಹಳದಿಯೂ ಮಂಕು. ಜೋಡಿಯಾಗುವ ಹೊತ್ತಿನ ಗೋವಕ್ಕಿಗೆ ಕೊಕ್ಕು, ಕಾಲು ಎರಡೂ ಕೆಂಪೇರುತ್ತವೆ. ಈ ಹಂತ ಚಿತ್ರಪುಸ್ತಕಗಳಲ್ಲಿ ಅಪರೂಪವಾದ್ದರಿಂದ "ಹೊಸ ಜಾತಿ" ಎಂದು ಫೋಟೋ ಹರಿದಾಡುವುದುಂಟು.

ಹಳದಿ ಪಾದ ನೋಡುವ ಬಗೆ

ಕಪ್ಪು ಕಾಲಿನ ತುದಿಗೆ ಹಳದಿ ಪಾದ ಸಣ್ಣ ಬೆಳ್ಳಕ್ಕಿಯ ಗುರುತು; ಉಳಿದ ಮೂರರಲ್ಲಿ ಕಾಲು, ಪಾದದ ನಡುವೆ ಇಂಥ ಬಣ್ಣಭೇದ ಇಲ್ಲ. ತೊಂದರೆಯೆಂದರೆ ಪಾದ ಬಹುಪಾಲು ನೀರಿನಲ್ಲಿ ಅಥವಾ ಕೆಸರಿನಲ್ಲಿ ಇರುತ್ತದೆ. ಒಣಗಿದ ಕೆಸರು ಹತ್ತಿದ ಪಾದ ದೂರದಿಂದ ಕಪ್ಪು. ಹೆಜ್ಜೆ ಎತ್ತುವವರೆಗೆ ಕಾಯಿರಿ. ಹಾರುವಾಗ ಇನ್ನೂ ಒಳ್ಳೆಯದು, ಹಳದಿ ಪಾದ ಬಾಲದಾಚೆ ಎದ್ದು ಕಾಣುತ್ತದೆ. ನಡವಳಿಕೆಯೂ ಇಲ್ಲಿ ನೆರವಾಗುತ್ತದೆ. ಸಣ್ಣ ಬೆಳ್ಳಕ್ಕಿ ಒಂದು ಕಾಲನ್ನು ತಳದ ಮಣ್ಣಿನಲ್ಲಿ ಅಲುಗಿಸಿ ಮೀನನ್ನು ಎಬ್ಬಿಸಿ ಓಡಿ ಹಿಡಿಯುತ್ತದೆ. ದೊಡ್ಡದು ನಿಂತಲ್ಲೇ ಬಹಳ ಹೊತ್ತು ಕಾಯುತ್ತದೆ, ಮಧ್ಯಮ ನಿಧಾನ ಹೆಜ್ಜೆಯದು, ಗೋವಕ್ಕಿ ನಡೆಯುವಾಗ ತಲೆ ಹಿಂದೆಮುಂದೆ ಆಡಿಸುತ್ತದೆ. ಇವೆಲ್ಲ ಸುಳಿವುಗಳಷ್ಟೇ. ಹೊಟ್ಟೆ ತುಂಬಿದ ಸಣ್ಣ ಬೆಳ್ಳಕ್ಕಿಯೂ ಸುಮ್ಮನೆ ನಿಲ್ಲುತ್ತದೆ.

ಹಾರುತ್ತಿದ್ದರೆ

ಬೆಳ್ಳಕ್ಕಿ, ಬಕಗಳೆಲ್ಲ ದೂರ ಹಾರುವಾಗ ಕತ್ತನ್ನು ಮಡಚಿ ಭುಜಕ್ಕೆ ಒತ್ತಿಕೊಳ್ಳುತ್ತವೆ. ಬಿಳಿ ಹಕ್ಕಿ ಕತ್ತು ನೇರ ಚಾಚಿ ಹಾರುತ್ತಿದ್ದರೆ ಅದು ಬೆಳ್ಳಕ್ಕಿಯೇ ಅಲ್ಲ. ಚಮಚದ ಕೊಕ್ಕು (ಸ್ಪೂನ್‌ಬಿಲ್) ಅಥವಾ ಬಿಳಿ ಕೆಂಬರಲು (ಐಬಿಸ್) ಇರಬಹುದು. ದೊಡ್ಡ ಬೆಳ್ಳಕ್ಕಿಯ ರೆಕ್ಕೆಬಡಿತ ನಿಧಾನ, ಮಡಚಿದ ಕತ್ತು ಎದೆಯ ಕೆಳಗೆ ಜೋತುಬೀಳುತ್ತದೆ, ಕಾಲು ಬಾಲದಾಚೆ ಬಹಳ ಚಾಚಿರುತ್ತದೆ. ಗೋವಕ್ಕಿಯದು ಚುರುಕು ಬಡಿತ, ಕಾಲು ತುಸುವೇ ಹೊರಗೆ. ಸಂಜೆ ಸಾಲುಗಟ್ಟಿ ಮರಕ್ಕೆ ಹೋಗುವ ಗುಂಪುಗಳಲ್ಲಿ ಹೆಚ್ಚಿನವು ಇವೇ, ನಡುವೆ ಬೇರೆಯವೂ ಸೇರಿರುತ್ತವೆ. ಕೂತಾಗ ಮಣ್ಣುಬಣ್ಣವಿದ್ದು ಎದ್ದೊಡನೆ ರೆಕ್ಕೆ ಬಿಳಿಯಾಗಿ ಬಿಚ್ಚಿಕೊಂಡರೆ ಅದು ಕೊಳದ ಬಕ. ಬೆನ್ನು ಕಂದಾಗಿರುವುದನ್ನು ನೋಡಿದರೆ ಸಾಕು.

ಕರಾವಳಿಯಲ್ಲಿ ಐದನೆಯದು

ಅಘನಾಶಿನಿಯಂಥ ಅಳಿವೆಯ ಕೆಸರುಬಯಲಿನಲ್ಲಿ ವೆಸ್ಟರ್ನ್ ರೀಫ್ ಈಗ್ರೆಟ್ ಎಂಬ ಇನ್ನೊಂದು ಬಂದು ಲೆಕ್ಕ ಕೆಡಿಸುತ್ತದೆ. ಇದಕ್ಕೆ ಎರಡು ರೂಪ. ಬೂದುಗಪ್ಪು ಮೈ, ಬಿಳಿ ಗಂಟಲಿನ ರೂಪಕ್ಕೆ ಗೊಂದಲ ಕಡಿಮೆ. ಬಿಳಿ ರೂಪ ಮಾತ್ರ ಸಣ್ಣ ಬೆಳ್ಳಕ್ಕಿಯ ಅಚ್ಚು. ತಲೆಯ ಎರಡು ಗರಿಯೂ ಇದಕ್ಕಿದೆ. ಒಳನಾಡಿನಲ್ಲಿ ಕಣ್ಣುಮುಚ್ಚಿ ನಂಬಿದ ತಲೆಗರಿ ಕಡಲ ದಂಡೆಯಲ್ಲಿ ಕೈಕೊಡುತ್ತದೆ. ಇಲ್ಲಿ ಕೊಕ್ಕನ್ನು ನೋಡಬೇಕು: ರೀಫ್ ಈಗ್ರೆಟ್‌ನದು ದಪ್ಪ, ತುದಿಯತ್ತ ತುಸು ಕೆಳಬಾಗಿದ್ದು, ಸಾಮಾನ್ಯವಾಗಿ ಕಂದು ಅಥವಾ ಹಳದಿ ಮಿಶ್ರಿತ. ಕಾಲಿನ ಬಣ್ಣವೂ ಅಚ್ಚ ಕಪ್ಪಲ್ಲ, ಪಾದದ ಹಳದಿ ಕಾಲಿನ ಮೇಲಕ್ಕೂ ಹಬ್ಬಿರಬಹುದು. ಇವೆರಡು ಕೂಡಿ ಹುಟ್ಟಿದ ಮಿಶ್ರತಳಿಗಳೂ ದಾಖಲಾಗಿರುವುದರಿಂದ ಕೆಲವು ಹಕ್ಕಿಗಳನ್ನು ಹೆಸರಿಡದೆ ಬಿಡುವುದೇ ಜಾಣತನ.

ಅದೇ ಕೆರೆಯ ನೀರುಕಾಗೆಗಳು

ಕಪ್ಪು ಹಕ್ಕಿಗಳಿಗೂ ಇದೇ ಕ್ರಮ ನಡೆಯುತ್ತದೆ. ಪುಟ್ಟ ನೀರುಕಾಗೆ ಸುಮಾರು 50 ಸೆಂ.ಮೀ.: ದುಂಡುತಲೆ, ಗಿಡ್ಡ ಕೊಕ್ಕು, ಮೈಗೆ ಹೋಲಿಸಿದರೆ ಉದ್ದ ಬಾಲ. ಇಂಡಿಯನ್ ಕಾರ್ಮೊರೆಂಟ್ ಎಂಬ ನೀರುಕಾಗೆ 60 ಸೆಂ.ಮೀ. ದಾಟುತ್ತದೆ, ಉದ್ದ ತೆಳು ಕೊಕ್ಕು, ತುದಿಯಲ್ಲಿ ಕೊಕ್ಕೆ, ಸಣಕಲು ಕತ್ತು. ದೊಡ್ಡ ನೀರುಕಾಗೆ 80 ಸೆಂ.ಮೀ.ಗೂ ಮಿಕ್ಕಿದ ದಪ್ಪ ಕತ್ತಿನ ಭಾರಿ ಹಕ್ಕಿ.

ಗರಿಗೆ ಬಂದರೆ ಇಂಡಿಯನ್ ಕಾರ್ಮೊರೆಂಟ್‌ನ ಬೆನ್ನಿನ ಗರಿಗಳಿಗೆ ಕಪ್ಪು ಅಂಚಿದ್ದು ಮೀನಿನ ಪೊರೆಯ ಹಾಗೆ ಕಾಣುತ್ತದೆ, ಕಣ್ಣು ನೀಲಿಹಸಿರು. ದೊಡ್ಡದಕ್ಕೆ ಸಂತಾನಕಾಲದಲ್ಲಿ ತೊಡೆಯ ಬದಿಗೆ ಬಿಳಿ ಪಟ್ಟೆ, ಮುಖದಲ್ಲಿ ಹಳದಿ ಚರ್ಮದ ಹಿಂದೆ ಬಿಳಿ. ಗಂಟಲು ಬೆಳ್ಳಗಿದೆ ಎಂದು ಮಾತ್ರ ತೀರ್ಮಾನಿಸಬೇಡಿ. ಸಂತಾನಕಾಲದ ಹೊರಗೆ ಪುಟ್ಟ ನೀರುಕಾಗೆಯ ಗಂಟಲೂ ಬಿಳಿಚಿಕೊಳ್ಳುತ್ತದೆ. ರೆಕ್ಕೆ ಬಿಡಿಸಿ ಒಣಗಿಸುವುದು ಮೂರರದೂ ರೂಢಿ, ಹಾವಕ್ಕಿಯದೂ (ಡಾರ್ಟರ್) ಹೌದು. ಹಾವಕ್ಕಿಯ ಕೊಕ್ಕಿಗೆ ಕೊಕ್ಕೆಯಿಲ್ಲ, ನೇರ ಈಟಿ.

ಬೆಳಕು, ಕ್ಯಾಮೆರಾ, ಬರವಣಿಗೆ

ಸೂರ್ಯ ಬೆನ್ನಿಗಿರುವ ದಡ ಆರಿಸಿಕೊಳ್ಳಿ. ಎದುರು ಬೆಳಕಿನಲ್ಲಿ ಹಳದಿ ಕೊಕ್ಕೂ ಕಪ್ಪು, ಇಳಿಬಿಸಿಲಿನಲ್ಲಿ ಬಿಳಿ ಮೈಯೂ ಗೋವಕ್ಕಿಯಂತೆ ಹೊಂಬಣ್ಣ. ಬಿಸಿಲಲ್ಲಿ ಬಿಳಿ ಹಕ್ಕಿಯ ಫೋಟೋ ತೆಗೆಯುವಾಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು -0.7ರಿಂದ -1ರವರೆಗೆ ಇಳಿಸಿ. ಇಳಿಸದಿದ್ದರೆ ಕ್ಯಾಮೆರಾ ಕಡುಹಿನ್ನೆಲೆಗೆ ಹೊಂದಿಕೊಂಡು ಹಕ್ಕಿಯನ್ನು ಸುಣ್ಣ ಬಳಿದಂತೆ ಮಾಡುತ್ತದೆ, ಎದೆಯ ಕುಚ್ಚು ಅಳಿಸಿಹೋಗುತ್ತದೆ. ಒಂದೇ ಫೋಟೋ ಸಿಗುವುದಾದರೆ ಪಕ್ಕದಿಂದ ಮುಖ ತೆಗೆಯಿರಿ.

ಗುಂಪು ದೊಡ್ಡದಿದ್ದರೆ ಮೊದಲು ಒಟ್ಟು ಎಣಿಸಿ, ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಜಾತಿಗೆ ಮತ್ತೊಂದು ಸುತ್ತು ಬನ್ನಿ. ಒಂದು ಮೂಲೆಯ ಇಪ್ಪತ್ತು ಹಕ್ಕಿಗಳನ್ನು ಗುರುತಿಸಿ ಅದೇ ಪ್ರಮಾಣವನ್ನು ಇನ್ನೂರಕ್ಕೆ ಹಂಚುವುದು ಸರಿಯಲ್ಲ. ನೀರಿನ ಆಳ ನೋಡಿಕೊಂಡು ಒಂದೊಂದು ಜಾತಿ ಒಂದೊಂದು ಕಡೆ ಸೇರಿಕೊಂಡಿರುತ್ತದೆ. ಗುರುತಾಗದೆ ಉಳಿದದ್ದಕ್ಕೆ ಇ-ಬರ್ಡ್‌ನಲ್ಲಿ ವೈಟ್ ಈಗ್ರೆಟ್ ಎಸ್‌ಪಿ. ಎಂಬ ಆಯ್ಕೆಯೇ ಇದೆ. ಟಿಪ್ಪಣಿಯಲ್ಲಿ ಜಾತಿಯ ಹೆಸರಿನ ಜೊತೆಗೆ ಕಂಡದ್ದನ್ನೂ ಬರೆಯಿರಿ: "ಸೀಳು ಕಣ್ಣಿನ ಹಿಂದಕ್ಕೆ, ಎದೆಗರಿ ಇಲ್ಲ, ಕೊಕ್ಕು ಅರ್ಧ ಕಪ್ಪು, ಬೂದು ಬಕದಷ್ಟೇ ಎತ್ತರ." ಇಷ್ಟಿದ್ದರೆ, ಆ ದಿನ ಕೆರೆಯಲ್ಲಿ ಇರದಿದ್ದವರೂ ಅದು ದೊಡ್ಡ ಬೆಳ್ಳಕ್ಕಿಯೆಂದು ಪರಿಶೀಲಿಸಿ ಒಪ್ಪಬಹುದು.